ನೂರು ಪೌಂಡ್ ಬೋನಸ್ಸಿನ ಅಸಲು ಬೆಲೆ

ಬ್ರಿಟನ್ನಿನಲ್ಲಿ ಆನ್‌ಲೈನ್ ಕ್ಯಾಸಿನೊ ಎಂಬುದು 2005ರ ಜೂಜಿನ ಕಾಯ್ದೆಯ ಅಡಿಯಲ್ಲಿ ಪರವಾನಗಿ ಪಡೆದು ರಾಜಾರೋಷವಾಗಿ ನಡೆಯುವ ವ್ಯಾಪಾರ. ಆದ್ದರಿಂದ ಊರಿನಿಂದ ಓದಲಿಕ್ಕೋ ಕೆಲಸಕ್ಕೋ ಇಲ್ಲಿಗೆ ಬರುವ ನಮ್ಮ ಹುಡುಗರ ಫೋನಿನಲ್ಲಿ, ಮನೆ ಬಾಡಿಗೆಯ ಜಾಹೀರಾತುಗಳ ಪಕ್ಕದಲ್ಲೇ, "ನೀವು ನೂರು ಪೌಂಡ್ ಹಾಕಿ, ನಾವೂ ನೂರು ಪೌಂಡ್ ಹಾಕುತ್ತೇವೆ" ಎಂಬ ಆಹ್ವಾನವೂ ಕಾಣಿಸಿಕೊಳ್ಳುತ್ತದೆ. ನಾನು ಲೆಕ್ಕಪತ್ರದ ಕೆಲಸದವನಾದ್ದರಿಂದ ಪರಿಚಯದವರಲ್ಲಿ ಯಾರಾದರೊಬ್ಬರು, "ಸರ್, ಈ ಬೋನಸ್ ತಗೊಂಡರೆ ಏನಾದರೂ ಗಿಟ್ಟುತ್ತದೆಯೇ?" ಎಂದು ಕೇಳುವುದುಂಟು. ಬಹುಪಾಲು ಬೋನಸ್‌ಗಳಿಂದ ಏನೂ ಗಿಟ್ಟುವುದಿಲ್ಲ, ಕೆಲವು ಸಣ್ಣವುಗಳಿಂದ ಅಷ್ಟಿಷ್ಟು ಗಿಟ್ಟುತ್ತದೆ ಎಂಬುದು ನನ್ನ ಉತ್ತರ. ಯಾವುದು ಯಾವ ಗುಂಪಿಗೆ ಸೇರಿದ್ದು ಎಂದು ತಿಳಿಯಲು ಷರತ್ತುಗಳ ಪುಟದಲ್ಲಿರುವ ಒಂದು ಅಂಕಿಯನ್ನು ಮೊದಲು ಹುಡುಕಬೇಕು.

ಆ ಅಂಕಿಯನ್ನು ವೇಜರಿಂಗ್ ಎನ್ನುತ್ತಾರೆ. ಬೋನಸ್ ಹಣವನ್ನು ನಗದಾಗಿ ತೆಗೆದುಕೊಳ್ಳುವ ಮೊದಲು ಅದರ ಎಷ್ಟು ಪಟ್ಟು ಮೊತ್ತವನ್ನು ಆಟಕ್ಕೆ ಹೂಡಿರಬೇಕು ಎಂಬುದನ್ನು ಅದು ಹೇಳುತ್ತದೆ. ಬಹಳ ಕಾಲ ಇಲ್ಲಿ ಮಾಮೂಲಾಗಿದ್ದ 35 ಪಟ್ಟಿನ ಷರತ್ತನ್ನೇ ತೆಗೆದುಕೊಳ್ಳೋಣ. ನೂರು ಪೌಂಡ್ ಬೋನಸ್ಸಿಗೆ 3,500 ಪೌಂಡ್ ಹೂಡಬೇಕಾಗುತ್ತದೆ. ಗುಂಡಿ ಒತ್ತಿ ಚಿತ್ರಗಳ ಚಕ್ರ ತಿರುಗಿಸುವ ಸ್ಲಾಟ್ ಆಟವೊಂದರ ಆರ್‌ಟಿಪಿ, ಅಂದರೆ ಹೂಡಿದ ಹಣದಲ್ಲಿ ದೀರ್ಘಾವಧಿಯಲ್ಲಿ ಆಟಗಾರರಿಗೆ ಮರಳುವ ಪಾಲು, 96 ಪ್ರತಿಶತ ಎಂದಿಟ್ಟುಕೊಂಡರೆ ಉಳಿದ 4 ಪ್ರತಿಶತ ಕ್ಯಾಸಿನೊದ್ದು. 3,500ಕ್ಕೆ 4 ಪ್ರತಿಶತವೆಂದರೆ 140 ಪೌಂಡ್. ಹೀಗೆ ನೂರು ಪೌಂಡ್ ಉಡುಗೊರೆಯನ್ನು ಬಿಡಿಸಿಕೊಳ್ಳಲು ಸರಾಸರಿ ನೂರನಲವತ್ತು ಪೌಂಡ್ ಖರ್ಚಾಗುತ್ತದೆ. ಕೆಲವು ಕಡೆ ಈ 35 ಪಟ್ಟು ಬೋನಸ್ಸಿಗೆ ಮಾತ್ರವಲ್ಲ, ನೀವು ಹಾಕಿದ ಹಣ ಮತ್ತು ಬೋನಸ್ ಎರಡೂ ಕೂಡಿದ ಮೊತ್ತಕ್ಕೆ ಅನ್ವಯಿಸುತ್ತಿತ್ತು. ಆಗ ಹೂಡಬೇಕಾದ್ದು 7,000 ಪೌಂಡ್ ಆಗಿ, ಸರಾಸರಿ ನಷ್ಟವೂ 280ಕ್ಕೆ ಏರುತ್ತಿತ್ತು. ಷರತ್ತಿನ ವಾಕ್ಯದಲ್ಲಿ "ಬೋನಸ್" ಎಂದಿದೆಯೋ "ಬೋನಸ್ ಮತ್ತು ಡಿಪಾಸಿಟ್" ಎಂದಿದೆಯೋ ಎಂಬುದರ ಮೇಲೆ ವೆಚ್ಚ ದುಪ್ಪಟ್ಟಾಗುತ್ತಿದ್ದುದರಿಂದ ಆ ಸಾಲನ್ನು ಎರಡು ಸಲ ಓದಬೇಕಾಗಿತ್ತು.

ಲೆಕ್ಕ ಬಲ್ಲವರು ಇಲ್ಲೊಂದು ಆಕ್ಷೇಪ ಎತ್ತಬಹುದು, ಮತ್ತು ಅದು ಸರಿಯಾದ ಆಕ್ಷೇಪವೇ. ಖಾತೆಯಲ್ಲಿ ಇರುವುದೇ ಇನ್ನೂರು ಪೌಂಡ್ ಆಗಿರುವಾಗ 280 ಪೌಂಡ್ ಕಳೆದುಕೊಳ್ಳುವುದು ಹೇಗೆ? ನಿಜ, ಹಣ ನಡುದಾರಿಯಲ್ಲೇ ಮುಗಿದುಹೋದರೆ ಹೂಡಿಕೆಯೂ ಅಲ್ಲಿಗೇ ನಿಲ್ಲುತ್ತದೆ, ಆದ್ದರಿಂದ ವಾಸ್ತವದ ಸರಾಸರಿ ನಷ್ಟ ಈ ಸರಳ ಗುಣಾಕಾರಕ್ಕಿಂತ ಕಡಿಮೆ. ಏರಿಳಿತ ಹೆಚ್ಚಿರುವ ಆಟಗಳಲ್ಲಿ ಹತ್ತು ಜನರ ಪೈಕಿ ಬಹಳಷ್ಟು ಮಂದಿ ಎಲ್ಲವನ್ನೂ ಕಳೆದುಕೊಂಡು, ಒಬ್ಬಿಬ್ಬರು ದೊಡ್ಡ ಮೊತ್ತದೊಂದಿಗೆ ಹೊರಬಂದು, ಸರಾಸರಿ ಮಾತ್ರ ಸುಮಾರಾಗಿ ಕಾಣುವುದೂ ಸಾಧ್ಯ. ಆದರೆ ಹಾಗೆ ನಡುದಾರಿಯಲ್ಲಿ ಬರಿಗೈಯಾದವರ ಪಾಲಿಗೆ ಹೋದದ್ದು ಬೋನಸ್ ಮಾತ್ರವಲ್ಲ, ಜೇಬಿನಿಂದ ಹಾಕಿದ ನೂರು ಪೌಂಡ್ ಕೂಡ. ಸರಾಸರಿಯ ಸಮಾಧಾನ ಅವರಿಗೆ ಯಾವ ಕೆಲಸಕ್ಕೂ ಬರುವುದಿಲ್ಲ.

ಸ್ಲಾಟ್ ಬೇಡ, ಕ್ಯಾಸಿನೊದ ಪಾಲು ಕಡಿಮೆ ಇರುವ ಆಟ ಆಡಿ ಷರತ್ತು ಮುಗಿಸೋಣ ಎಂಬ ಜಾಣತನ ಎಲ್ಲರಿಗೂ ಹೊಳೆಯುತ್ತದೆ. ಷರತ್ತು ಬರೆದವರಿಗೂ ಅದು ಮೊದಲೇ ಹೊಳೆದಿದೆ. ತಿರುಗುವ ಚಕ್ರದಲ್ಲಿ ಚೆಂಡು ಬಿಡುವ ಆಟವಾದ ರೂಲೆಟ್‌ನ ಒಂದೇ ಸೊನ್ನೆಯ ಬಗೆಯಲ್ಲಿ 37 ಮನೆಗಳಿದ್ದು ಕ್ಯಾಸಿನೊದ ಪಾಲು 2.7 ಪ್ರತಿಶತ. ಲೆಕ್ಕಾಚಾರದ ಪ್ರಕಾರ ತಪ್ಪಿಲ್ಲದೆ ಆಡಿದರೆ ಬ್ಲಾಕ್‌ಜಾಕ್ ಎಂಬ ಇಸ್ಪೀಟಾಟದಲ್ಲಿ ಅದು ಅರ್ಧ ಪ್ರತಿಶತದ ಆಸುಪಾಸಿಗೆ ಇಳಿಯುತ್ತದೆ. ಆದರೆ ಸ್ಲಾಟ್‌ನಲ್ಲಿ ಹೂಡಿದ ಒಂದು ಪೌಂಡನ್ನು ಪೂರ್ತಿ ಒಂದು ಪೌಂಡ್ ಎಂದೇ ಎಣಿಸುವ ಸಂಸ್ಥೆ, ಬ್ಲಾಕ್‌ಜಾಕ್‌ನ ಒಂದು ಪೌಂಡನ್ನು ಹತ್ತು ಪೆನ್ಸ್ ಎಂದು ಎಣಿಸುತ್ತದೆ ಅಥವಾ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹತ್ತು ಪೆನ್ಸ್ ಲೆಕ್ಕದಲ್ಲಿ 3,500 ಪೌಂಡ್ ತುಂಬಬೇಕಾದರೆ ನಿಜಕ್ಕೂ 35,000 ಪೌಂಡ್ ಹೂಡಬೇಕು. ಅದರ ಅರ್ಧ ಪ್ರತಿಶತ 175 ಪೌಂಡ್, ಅಂದರೆ ಸ್ಲಾಟ್‌ಗಿಂತಲೂ ದುಬಾರಿ. "ಕೊಟ್ಟವನು ಕೋಡಂಗಿ" ಎಂಬ ಗಾದೆ ಈ ವ್ಯಾಪಾರದಲ್ಲಿ ನಡೆಯುವುದಿಲ್ಲ.

ಷರತ್ತುಗಳ ಪುಟದ ಕೆಳಭಾಗದಲ್ಲಿ ಇನ್ನೂ ಕೆಲವು ಸಾಲುಗಳಿರುತ್ತವೆ. ಬೋನಸ್ ಚಾಲ್ತಿಯಲ್ಲಿರುವಾಗ ಒಂದು ಸಲಕ್ಕೆ ಹೂಡಬಹುದಾದ ಗರಿಷ್ಠ ಮೊತ್ತಕ್ಕೆ ಮಿತಿ ಇರುತ್ತದೆ, ಅದನ್ನು ಒಮ್ಮೆ ಮೀರಿದರೂ ಗೆದ್ದದ್ದನ್ನು ರದ್ದು ಮಾಡುವ ಹಕ್ಕನ್ನು ಸಂಸ್ಥೆ ಇಟ್ಟುಕೊಂಡಿರುತ್ತದೆ. ಏಳು ದಿನವೋ ಮೂವತ್ತು ದಿನವೋ ಗಡುವು ಇರುತ್ತದೆ. ಬೋನಸ್ಸಿನಿಂದ ಎಷ್ಟೇ ಗೆದ್ದರೂ ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬ ಮಿತಿ ಇರಬಹುದು. ಸ್ಕ್ರಿಲ್, ನೆಟೆಲ್ಲರ್‌ನಂತಹ ವಾಲೆಟ್‌ಗಳಿಂದ ಹಣ ಹಾಕಿದವರಿಗೆ ಬೋನಸ್ಸೇ ಇಲ್ಲ ಎನ್ನುವ ಸಂಸ್ಥೆಗಳೂ ಇವೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಯಾವ ಹಣ ಮೊದಲು ಖರ್ಚಾಗುತ್ತದೆ ಎಂಬ ಸಾಲು. ನಿಮ್ಮ ಹಣ ಮೊದಲು, ಬೋನಸ್ ಆಮೇಲೆ ಎಂದಿದ್ದರೆ ಆರಂಭದಲ್ಲೇ ಗೆದ್ದಾಗ ಬೋನಸ್ಸನ್ನು ಬಿಟ್ಟು ಗೆದ್ದದ್ದನ್ನು ತೆಗೆದುಕೊಂಡು ಹೊರಡಬಹುದು. ಎರಡೂ ಬೆರೆತು ಬೀಗ ಬೀಳುವ ವ್ಯವಸ್ಥೆಯಾದರೆ ಆ ಅನುಕೂಲವಿಲ್ಲ. ಸ್ವಂತ ಹಣವನ್ನು ಹಿಂಪಡೆಯಲೂ ಹಲವು ಸಲ ಆಡಲೇಬೇಕೆಂಬ ಷರತ್ತು ಹಾಕುತ್ತಿದ್ದ ಕೆಲವು ದೊಡ್ಡ ಸಂಸ್ಥೆಗಳಿಂದ ಇಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರವು 2018ರಲ್ಲಿ ಆ ಪದ್ಧತಿ ಬಿಡುವುದಾಗಿ ಲಿಖಿತ ಭರವಸೆ ಪಡೆದುಕೊಂಡಿತು. ಅಲ್ಲಿಯವರೆಗೆ ಹಾಕಿದ ಹಣವೂ ಒತ್ತೆಯಾಳಿನಂತೆ ಒಳಗೇ ಉಳಿಯುತ್ತಿತ್ತು.

2026ರ ಜನವರಿ 19ರಿಂದ ಈ ಲೆಕ್ಕ ದೊಡ್ಡ ರೀತಿಯಲ್ಲಿ ಬದಲಾಗಿದೆ. ಪರವಾನಗಿ ಕೊಡುವ ಇಲ್ಲಿನ ಜೂಜಿನ ಆಯೋಗದ ಹೊಸ ನಿಯಮದ ಪ್ರಕಾರ ಬೋನಸ್ಸಿನ ವೇಜರಿಂಗ್ 10 ಪಟ್ಟು ಮೀರುವಂತಿಲ್ಲ. ಬೋನಸ್ ಸಿಗಬೇಕಾದರೆ ಕ್ರೀಡಾ ಬಾಜಿಯನ್ನೂ ಕಟ್ಟಿ ಸ್ಲಾಟ್ ಅನ್ನೂ ಆಡಬೇಕು ಎಂಬಂತಹ ಬೆರಕೆ ಕೊಡುಗೆಗಳಿಗೂ ನಿಷೇಧ ಬಿದ್ದಿದೆ. ಹಳೆಯ ಉದಾಹರಣೆಯನ್ನೇ ಈಗ ಲೆಕ್ಕ ಹಾಕಿದರೆ ನೂರು ಪೌಂಡ್ ಬೋನಸ್ಸಿಗೆ 1,000 ಪೌಂಡ್ ಹೂಡಿಕೆ, 96 ಪ್ರತಿಶತದ ಆಟದಲ್ಲಿ 40 ಪೌಂಡ್ ನಷ್ಟ, ಕಾಗದದ ಮೇಲೆ 60 ಪೌಂಡ್ ಉಳಿತಾಯ. ಆದರೆ ಒಂದೇ ಹೆಸರಿನ ಸ್ಲಾಟ್ ಅನ್ನು ತಯಾರಕರು ಹಲವು ಆರ್‌ಟಿಪಿ ಮಟ್ಟಗಳಲ್ಲಿ ಒದಗಿಸುತ್ತಾರೆ, ಯಾವ ಮಟ್ಟವನ್ನು ಇಟ್ಟುಕೊಳ್ಳಬೇಕೆಂಬುದು ಕ್ಯಾಸಿನೊಗೆ ಬಿಟ್ಟದ್ದು. ಒಂದು ಕಡೆ 96 ಇದ್ದದ್ದು ಇನ್ನೊಂದು ಕಡೆ 94 ಆಗಿದ್ದರೆ ನಿಮ್ಮ ಅರವತ್ತು ಪೌಂಡ್ ನಲವತ್ತಕ್ಕೆ ಇಳಿಯಿತು. ಆಟದ ಒಳಗಿನ ಸಹಾಯದ ಪುಟದಲ್ಲಿ ಈ ಅಂಕಿ ಇರುತ್ತದೆ. ಅದನ್ನು ತೆರೆದು ನೋಡುವವರನ್ನು ನಾನು ಕಂಡದ್ದು ಕಡಿಮೆ.

ನಿಜವಾಗಿ ತೆಗೆದುಕೊಳ್ಳಬಹುದಾದದ್ದು ವೇಜರಿಂಗ್ ಇಲ್ಲದ ಉಚಿತ ಸ್ಪಿನ್‌ಗಳು, ಅಂದರೆ ಸ್ಲಾಟ್‌ನ ಪುಕ್ಕಟೆ ಸುತ್ತುಗಳು. ಅವುಗಳಲ್ಲಿ ಗೆದ್ದದ್ದು ನೇರವಾಗಿ ನಗದು. ಆದರೆ ಹತ್ತು ಪೆನ್ಸ್‌ನ ಐವತ್ತು ಸ್ಪಿನ್ ಎಂದರೆ ಒಟ್ಟು ಐದು ಪೌಂಡ್, ಅದರಲ್ಲಿ ಮರಳಿ ಬರುವ ನಿರೀಕ್ಷೆ ನಾಲ್ಕು ಪೌಂಡ್ ಎಂಬತ್ತು ಪೆನ್ಸ್. ಇಪ್ಪತ್ತು ಪೌಂಡ್ ಬೋನಸ್ಸನ್ನು 10 ಪಟ್ಟಿನ ಷರತ್ತಿನಲ್ಲಿ ಮುಗಿಸಿದರೆ ಸರಾಸರಿ ಹನ್ನೆರಡು ಪೌಂಡ್ ಉಳಿಯುತ್ತದೆ, ಲಂಡನ್ನಿನಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿಗೆ ಹೆಚ್ಚುಕಡಿಮೆ ಸಾಲುವಷ್ಟು. ಅದಕ್ಕಾಗಿ ಪಾಸ್‌ಪೋರ್ಟಿನ ಪ್ರತಿ, ವಿಳಾಸದ ದಾಖಲೆ, ಕೆಲವೊಮ್ಮೆ ಬ್ಯಾಂಕ್ ವಿವರಗಳನ್ನೂ ಒಪ್ಪಿಸಬೇಕು.

ಹಾಗಾದರೆ ಸಂಸ್ಥೆಗಳು ಇದನ್ನು ಕೊಡುವುದಾದರೂ ಏಕೆ? ಬೋನಸ್ ಮುಗಿದ ದಿನ ಎದ್ದು ಹೋಗುವವರು ಕಡಿಮೆ ಎಂಬುದು ಅವರಿಗೆ ಗೊತ್ತು. ಸ್ಲಾಟ್‌ನಲ್ಲಿ ಒಂದು ಸುತ್ತಿಗೆ ಕನಿಷ್ಠ ಎರಡೂವರೆ ಸೆಕೆಂಡ್ ಇರಬೇಕೆಂಬ ನಿಯಮ ಇಲ್ಲಿದೆ. ಸುತ್ತಿಗೆ ಒಂದು ಪೌಂಡಿನಂತೆ 1,000 ಪೌಂಡ್ ಹೂಡಲು ಎಡೆಬಿಡದೆ ಒತ್ತಿದರೂ ಸುಮಾರು ನಲವತ್ತೆರಡು ನಿಮಿಷ ಬೇಕು, ಹತ್ತು ಪೆನ್ಸ್‌ನಂತೆ ಆಡಿದರೆ ಏಳು ಗಂಟೆ. ಬೋನಸ್ಸೆಂಬುದು ಮೂಗಿಗೆ ಸವರಿದ ತುಪ್ಪ, ಅಷ್ಟು ಹೊತ್ತು ಕೈಯನ್ನು ಆ ಗುಂಡಿಗೆ ಒಗ್ಗಿಸುವುದೇ ಅದರ ಕೆಲಸ. ಆದ್ದರಿಂದ ಅಪರೂಪಕ್ಕೆ ಮೋಜಿಗಾಗಿ ಆಡುವವರಿಗೂ ನನ್ನ ಸಲಹೆ, ಹಣ ಹಾಕುವ ಪುಟದಲ್ಲಿ ಬೋನಸ್ ಬೇಡ ಎಂಬ ಆಯ್ಕೆಯನ್ನು ಒತ್ತುವುದು. ಆಗ ಗೆದ್ದದ್ದನ್ನು ಯಾವಾಗ ಬೇಕಾದರೂ ತೆಗೆಯಬಹುದು. ಹಿಂದೊಮ್ಮೆ ಕೈ ಸುಟ್ಟುಕೊಂಡವರು ಇಂತಹ ಕೊಡುಗೆಗಳ ತಂಟೆಗೇ ಹೋಗದೆ, ಜೂಜಿನ ತಾಣಗಳಿಂದ ತಮ್ಮನ್ನು ತಾವೇ ಹೊರಗಿಟ್ಟುಕೊಳ್ಳುವ ವ್ಯವಸ್ಥೆಯಾದ ಗ್ಯಾಮ್‌ಸ್ಟಾಪ್‌ನಲ್ಲಿ ಹೆಸರು ನೋಂದಾಯಿಸುವುದು ಒಳಿತು. ಅದು ಉಚಿತ, ಮತ್ತು ಇಲ್ಲಿನ ಪರವಾನಗಿ ಇರುವ ಎಲ್ಲ ಆನ್‌ಲೈನ್ ಸಂಸ್ಥೆಗಳೂ ಅದಕ್ಕೆ ಬದ್ಧ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬ್ರಿಟನ್ನಿನ ಮಾತು. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಯಾರಾದರೂ 500 ಪ್ರತಿಶತ ಬೋನಸ್ ಎಂಬ ವಾಟ್ಸ್ಆ್ಯಪ್ ಸಂದೇಶ ಕಳಿಸಿ ಕೇಳಿದರೆ ಈ ಲೆಕ್ಕವನ್ನು ಅವರಿಗೆ ಹೇಳುವಂತಿಲ್ಲ. ರಾಷ್ಟ್ರಪತಿಯವರು 2025ರ ಆಗಸ್ಟ್ 22ರಂದು ಅಂಕಿತ ಹಾಕಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿಯವರೆಗೆ ದಂಡ, ಜಾಹೀರಾತು ಮಾಡುವವರಿಗೆ ಎರಡು ವರ್ಷದವರೆಗೆ ಜೈಲು, ಐವತ್ತು ಲಕ್ಷದವರೆಗೆ ದಂಡ ಎಂದು ಹೇಳುತ್ತದೆ. ಆಡಿದವರಿಗೆ ಅದರಲ್ಲಿ ಶಿಕ್ಷೆ ಇಲ್ಲ, ರಕ್ಷಣೆಯೂ ಇಲ್ಲದಂತೆಯೇ ಸರಿ. ಆಟಕ್ಕೆ ಬೇಕಾದ ಐಡಿ ಮಾಡಿಕೊಟ್ಟು ಯಾರದೋ ಹೆಸರಿನ ಖಾತೆಗೆ ಯುಪಿಐ ಮೂಲಕ ಹಣ ಹಾಕಿಸಿಕೊಂಡವನು ವೇಜರಿಂಗ್ 10 ಪಟ್ಟು ಎಂದು ಬರೆದಿದ್ದರೂ ನಾಳೆ ಅದನ್ನು ನೂರು ಪಟ್ಟು ಮಾಡಬಹುದು, ಖಾತೆಯನ್ನೇ ಮುಚ್ಚಬಹುದು. ಬ್ರಿಟನ್ನಿನಲ್ಲಿ ಷರತ್ತು ಮುರಿದ ಸಂಸ್ಥೆಯ ಪರವಾನಗಿಯನ್ನು ಪ್ರಶ್ನಿಸಲು ಒಂದು ಆಯೋಗವಿದೆ. ಊರಿನಲ್ಲಿ ಇಂಥವನ ಮೇಲೆ ದೂರು ಕೊಡಲು ಹೋದರೆ ಎದುರಿಗೆ ಸಿಗುವುದು ಅಷ್ಟರಲ್ಲಾಗಲೇ ಸ್ವಿಚ್ ಆಫ್ ಆಗಿರುವ ಒಂದು ಮೊಬೈಲ್ ನಂಬರ್ ಮಾತ್ರ.