ತಲೆಯ ಮೇಲಿನ ಹೆಸರು ಮಾರಿದವರದು

ಹಳೆಯ ಎಲೆಕ್ಟ್ರಿಕ್ ಗಿಟಾರ್ ರಿಪೇರಿಗೆ ತಂದವರು ಮೊದಲು ಕೇಳುವುದು ರಿಪೇರಿಯ ವಿಷಯವನ್ನಲ್ಲ, "ಇದು ಯಾವ ಕಂಪನಿಯದು?" ಅಂತ. ಹೆಡ್‌ಸ್ಟಾಕ್ ಮೇಲೆ, ಅಂದರೆ ಗಿಟಾರ್‌ನ ತಲೆಯ ಮೇಲೆ, ಹೆಸರಿದ್ದರೂ ಕೇಳುತ್ತಾರೆ, ಇಲ್ಲದಿದ್ದರಂತೂ ಕೇಳಿಯೇ ಕೇಳುತ್ತಾರೆ. ಇಷ್ಟು ವರ್ಷ ಈ ಬೆಂಚಿನ ಮುಂದೆ ಕೂತು ನನಗೆ ಅನ್ನಿಸಿರುವುದು ಇಷ್ಟೇ: 1960ರ ದಶಕದ ಅಗ್ಗದ ಗಿಟಾರ್‌ಗಳ ಮಟ್ಟಿಗೆ ಆ ಪ್ರಶ್ನೆಯೇ ಸ್ವಲ್ಪ ಸೊಟ್ಟ. ಮರ ಕೊರೆದವರು ಒಬ್ಬರು, ಹೆಸರು ಅಂಟಿಸಿ ಮಾರಿದವರು ಇನ್ನೊಬ್ಬರು, ಒಳಗಿನ ವೈರಿಂಗ್ ಸಾಮಾನು ಮೂರನೆಯವರದು.

ಸಿಲ್ವರ್‌ಟೋನ್ ಹೆಸರನ್ನೇ ನೋಡಿ. ಅದು ಅಮೆರಿಕದ ಅಂಗಡಿ ಸರಣಿ ಸಿಯರ್ಸ್ ತನ್ನ ಸರಕಿಗೆ ಹಾಕುತ್ತಿದ್ದ ಹೆಸರು. ಆ ಹೆಸರಿನಲ್ಲಿ ಕಾರ್ಖಾನೆಯೇ ಇರಲಿಲ್ಲ. ನ್ಯೂಜೆರ್ಸಿಯ ಡ್ಯಾನ್‌ಎಲೆಕ್ಟ್ರೋ, ಶಿಕಾಗೋದ ಹಾರ್ಮನಿ ಮತ್ತು ಕೇ, ಜಪಾನಿನ ಟೀಸ್ಕೋ, ಇವರೆಲ್ಲ ಮಾಡಿದ ಗಿಟಾರ್‌ಗಳೂ ಅದೇ ಹೆಸರಿನಲ್ಲಿ ಮಾರಾಟವಾದವು. ಅಂಥದೇ ಇನ್ನೊಂದು ಅಂಗಡಿ ಸರಣಿ ಮಾಂಟ್ಗೊಮರಿ ವಾರ್ಡ್ ಬಳಸಿದ ಏರ್‌ಲೈನ್ ಹೆಸರಿನ ಕಥೆಯೂ ಇದೇ.

ಈಚೆಗೆ ಬೆಂಚಿಗೆ ಬಂದ ಒಂದು ಗಿಟಾರ್‌ಗೆ ಹೆಸರೇ ಇರಲಿಲ್ಲ. ತಂತಿಯ ಕಂಪನ ಹಿಡಿಯುವ ನಾಲ್ಕು ಪಿಕಪ್, ಸಾಲಾಗಿ ನಾಲ್ಕು ಒತ್ತು ಸ್ವಿಚ್, ದಪ್ಪ ನೆಕ್ (ಕುತ್ತಿಗೆ). ಹೆಡ್‌ಸ್ಟಾಕ್‌ನಲ್ಲಿ ಬ್ಯಾಡ್ಜ್ ಕಿತ್ತುಹೋದ ಎರಡು ಮೊಳೆ ತೂತು. ಇಟಲಿಯದು ಅಂತ ಯಾರೋ ಹೇಳಿದ್ದಾರೆ ಎಂದರು ಮಾಲೀಕರು. ಕೆಟ್ಟ ಊಹೆಯೇನಲ್ಲ. ಇಟಲಿಯ ರೆಕಾನಾತಿಯ ಏಕೋ ಕಂಪನಿ ಅಕಾರ್ಡಿಯನ್ ಮಾಡುತ್ತಿದ್ದವರದ್ದೇ. ಹಾಗಾಗಿ ಅವರ ಗಿಟಾರ್‌ಗಳಲ್ಲೂ ಅಕಾರ್ಡಿಯನ್ನಿನ ಮಿನುಗು ಪ್ಲಾಸ್ಟಿಕ್ ಹೊದಿಕೆ, ಬಟನ್ ಸಾಲು ಕಾಣಿಸುತ್ತವೆ. ಆದರೆ ಇದರ ಮೇಲೆ ಪ್ಲಾಸ್ಟಿಕ್ ಇಲ್ಲ, ಬರೀ ಲ್ಯಾಕರ್. ಸ್ವಿಚ್ ಸಾಲು ಜಪಾನಿನವರಿಗೂ ಇಷ್ಟವೇ ಆಗಿತ್ತು.

ಸ್ಕ್ರೂಗಳನ್ನು ಅಳೆದೆ. ಎಲ್ಲ ಮಿಲಿಮೀಟರ್ ಅಳತೆಯವು. ಅಲ್ಲಿಗೆ ಅಮೆರಿಕ ಬಹುಮಟ್ಟಿಗೆ ಪಟ್ಟಿಯಿಂದ ಹೊರಗೆ. ಇಟಲಿ, ಜರ್ಮನಿ, ಜಪಾನ್ ಮೂರೂ ಒಳಗೇ. ನೆಕ್ಕಿನ ತುದಿಯಲ್ಲಿ ತಂತಿಗಳು ಹಾಯುವ ನಟ್‌ ಪಕ್ಕದಲ್ಲಿ ಝೀರೋ ಫ್ರೆಟ್, ಅಂದರೆ ತಂತಿಗಳು ಒರಗುವ ಒಂದು ಹೆಚ್ಚುವರಿ ಲೋಹದ ಪಟ್ಟಿ, ಇತ್ತು. ಅದನ್ನು ಕಂಡ ಕೂಡಲೇ "ಯುರೋಪ್" ಎನ್ನುವವರಿದ್ದಾರೆ, ಆದರೆ ಆ ಕಾಲದ ಜಪಾನಿ ಗಿಟಾರ್‌ಗಳಲ್ಲೂ ಅದು ಮಾಮೂಲು. ಮೈಗೆ ಗೀರು ಬೀಳದಂತೆ ಹಾಕುವ ತಟ್ಟೆಯನ್ನು (ಪಿಕ್‌ಗಾರ್ಡ್) ಎತ್ತಿದಾಗ ಬಣ್ಣ ತಾಗದ ಮರ ಕಂಡಿತು: ಹಗುರ, ಕೆಂಪು ಛಾಯೆ, ಒರಟು ರಂಧ್ರಗಳು. ಇದು ಲವಾನ್. ವ್ಯಾಪಾರದಲ್ಲಿ ಫಿಲಿಪೈನ್ ಮಹಾಗನಿ ಅಂತ ಕರೆದರೂ ನಿಜವಾದ ಮಹಾಗನಿಗೂ ಇದಕ್ಕೂ ಸಂಬಂಧವಿಲ್ಲ. ಜಪಾನಿನ ಕಾರ್ಖಾನೆಗಳು ಇದನ್ನು ಧಾರಾಳವಾಗಿ ಬಳಸುತ್ತಿದ್ದವು. ನೆಕ್ ಬಿಚ್ಚಿದರೆ ಅದು ಕೂರುವ ಪಾಕೆಟ್ಟಿನೊಳಗೆ ಪೆನ್ಸಿಲ್ಲಿನಲ್ಲಿ ಬರೆದ ಜಪಾನಿ ಅಕ್ಷರಗಳು. ದೇಶದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಹೆಡ್‌ಸ್ಟಾಕ್ ಹಿಂಬದಿಯಲ್ಲಿ ಲ್ಯಾಕರ್ ಹಳದಿಗಟ್ಟದೆ ಉಳಿದ ಒಂದು ಪುಟ್ಟ ಆಯತವೂ ಇತ್ತು. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕದ 1930ರ ಸುಂಕ ಕಾಯ್ದೆ ಹೇಳುತ್ತದೆ. ಅದಕ್ಕೆ ಎಷ್ಟೋ ಕಾರ್ಖಾನೆಗಳು ಒಂದು ಸ್ಟಿಕ್ಕರ್ ಅಂಟಿಸಿ ಕೈ ತೊಳೆದುಕೊಳ್ಳುತ್ತಿದ್ದವು. ಸ್ಟಿಕ್ಕರ್ ಉದುರಿದರೆ ಗಿಟಾರ್‌ಗೆ ಊರೇ ಇಲ್ಲ.

ಇನ್ನು ಕಾಲ. ಇಲ್ಲಿ ಒಂದು ಬಲೆ ಇತ್ತು. ವಾಲ್ಯೂಮ್ ಪಾಟ್‌ಗಳಲ್ಲಿ, ಅಂದರೆ ಗುಬ್ಬಿಯ ಕೆಳಗೆ ತಿರುಗಿ ದನಿ ಏರಿಳಿಸುವ ಬಿಡಿಭಾಗಗಳಲ್ಲಿ, ಒಂದರ ಬೆನ್ನ ಮೇಲೆ 1377114 ಎಂದು ಮುದ್ರೆ. ಅಮೆರಿಕದ ಬಿಡಿಭಾಗಗಳಲ್ಲಿ ಮೊದಲ ಮೂರಂಕಿ ತಯಾರಕರದ್ದು: 137 ಅಂದರೆ ಸಿಟಿಎಸ್, 304 ಅಂದರೆ ಸ್ಟ್ಯಾಕ್‌ಪೋಲ್. ನಂತರದ ಎರಡು ವರ್ಷ, ಕೊನೆಯ ಎರಡು ವಾರ. ಅಂದರೆ 1971ರ 14ನೇ ವಾರ. ಜೊತೆಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗ ಕೂಡಲೇ "1971" ಎಂದು ಬರೆದುಕೊಂಡ. ಬರೆದದ್ದನ್ನು ಹೊಡೆದುಹಾಕಿಸಿದೆ.

ಜಪಾನಿನ ಗಿಟಾರ್‌ನಲ್ಲಿ ಅಮೆರಿಕದ ಪಾಟ್ ಒಂದೇ ಒಂದು ಏಕೆ? ಉಳಿದ ಪಾಟ್‌ಗಳ ದಂಡ 6 ಮಿಲಿಮೀಟರ್, ಇದರದ್ದು ಕಾಲು ಇಂಚು, ಅಂದರೆ 6.35. ಅದು ಕೂತ ರಂಧ್ರವನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿದ ಗೆರೆಗಳು ಇನ್ನೂ ಇದ್ದವು. ಬೆಸುಗೆಯೂ ಬೇರೆ: ಹಳೆಯವು ಮಂಕಾಗಿ ಸಣ್ಣಗಿದ್ದರೆ, ಇದು ಗುಡ್ಡೆಗಟ್ಟಿ ಹೊಳೆಯುತ್ತಿತ್ತು. ಆ ಸಂಖ್ಯೆ ಗಿಟಾರ್ ಹುಟ್ಟಿದ ವರ್ಷ ಹೇಳುತ್ತಿಲ್ಲ. 1971ರಲ್ಲೋ ಆಮೇಲೋ ಯಾರೋ ಇದರ ಒಳಗೆ ಕೈಹಾಕಿದ್ದಾರೆ ಎಂದಷ್ಟೇ ಹೇಳುತ್ತಿದೆ. ಮೂಲ ಪಾಟ್ ಆಗಿದ್ದರೂ ಸಂಖ್ಯೆ ಕೊಡುವುದು "ಇದಕ್ಕಿಂತ ಮುಂಚೆ ಅಲ್ಲ" ಎಂಬ ಗಡಿಯನ್ನು ಮಾತ್ರ. 1966ರಲ್ಲಿ ರಾಶಿಗಟ್ಟಲೆ ಕೊಂಡ ಪಾಟ್‌ಗಳನ್ನು ಫೆಂಡರ್ ಕಂಪನಿ ವರ್ಷಗಟ್ಟಲೆ ಬಳಸಿದೆ.

ಇದಕ್ಕೇ ನಮ್ಮಲ್ಲಿ ಒಂದು ಕಟ್ಟುನಿಟ್ಟು: ಪ್ರತಿ ಜೋಡಣೆಯ ಫೋಟೋ ತೆಗೆಯುವವರೆಗೆ ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಹಾಗಿಲ್ಲ. ಹಳೆಯ ಬೆಸುಗೆ ಒಮ್ಮೆ ಕರಗಿದರೆ ಯಾವುದು ಮೂಲ, ಯಾವುದು ಆಮೇಲಿನದು ಎಂದು ಹೇಳಲು ಏನೂ ಉಳಿಯುವುದಿಲ್ಲ.

ಹಾಗಾದರೆ ಯಾವ ಕಾರ್ಖಾನೆ? ಟೀಸ್ಕೋ, ಗುಯಾಟೋನ್, ಕವಾಯ್, ಮಾತ್ಸುಮೋಟೋ ನಗರದ ಫುಜಿಗೆನ್ ಮತ್ತು ಮಾತ್ಸುಮೋಕು, ಇವರ ಜೊತೆಗೆ ಸಣ್ಣಪುಟ್ಟ ಮರಗೆಲಸದವರು. ಬಿಡಿಭಾಗಗಳು ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದವು. 1967ರಲ್ಲಿ ಟೀಸ್ಕೋವನ್ನು ಕವಾಯ್ ಕೊಂಡ ಮೇಲಂತೂ ಟೀಸ್ಕೋ ಹೆಸರಿನ ಗಿಟಾರ್ ಯಾರದು ಎಂಬುದೇ ಎರಡು ಉತ್ತರದ ಪ್ರಶ್ನೆ. ನಮ್ಮ ಗಿಟಾರ್‌ನ ಪಿಕಪ್ ಮುಚ್ಚಳ ಒಂದು ಕಡೆಗೆ ಬೆರಳು ತೋರಿಸಿದರೆ ಹೆಡ್‌ಸ್ಟಾಕ್ ಆಕಾರ ಇನ್ನೊಂದು ಕಡೆಗೆ. ಹಾಗಾಗಿ ವರದಿಯಲ್ಲಿ "ಜಪಾನ್, 1960ರ ದಶಕದ ಮಧ್ಯಭಾಗದಿಂದ ಕೊನೆಯ ನಡುವೆ, ರಫ್ತಿಗಾಗಿ ಮಾಡಿದ್ದಿರಬಹುದು, ತಯಾರಕರು ಖಚಿತವಿಲ್ಲ, ಒಂದು ಪಾಟ್ 1971ರಲ್ಲಿ ಅಥವಾ ನಂತರ ಬದಲಾಗಿದೆ" ಎಂದು ಬರೆದೆ.

ಮಾಲೀಕರ ಮುಖ ಸಪ್ಪಗಾಯಿತು. ಟೀಸ್ಕೋ ಬ್ಯಾಡ್ಜ್ ಬಿಡಿಯಾಗಿ ಸಿಗುತ್ತದಲ್ಲ, ಹಾಕಿಬಿಡೋಣವೇ ಎಂದರು. ಸಿಗುತ್ತದೆ ಎಂಬ ಕಾರಣಕ್ಕೇ ಬ್ಯಾಡ್ಜನ್ನು ನಾನು ಸಾಕ್ಷಿಯಾಗಿ ಎಣಿಸುವುದಿಲ್ಲ ಎಂದೆ. "ಲಾಸೂಟ್ ಗಿಟಾರ್ ಅಂತಲಾದರೂ ಬರೆಯಬಹುದಾ?" ಎಂದರು. ಅಮೆರಿಕದ ಗಿಟಾರ್‌ಗಳ ಜಪಾನಿ ನಕಲುಗಳಿಗೆ ಹಚ್ಚುವ, 'ದಾವೆ ಗಿಟಾರ್' ಎಂಬರ್ಥದ ಈ ಪದವನ್ನು ಕಂಡರೆ ನನಗೆ ಆಗುವುದಿಲ್ಲ. ಅಮೆರಿಕದ ಗಿಬ್ಸನ್ ಗಿಟಾರ್ ಕಂಪನಿಯ ಒಡೆಯರಾಗಿದ್ದ ನಾರ್ಲಿನ್ ಕಂಪನಿ, ಜಪಾನಿ ಬ್ರ್ಯಾಂಡ್ ಐಬನೇಜ್‌ನ ಅಮೆರಿಕನ್ ವಿತರಕರ ಮೇಲೆ ಹೆಡ್‌ಸ್ಟಾಕ್ ವಿನ್ಯಾಸಕ್ಕಾಗಿ ದಾವೆ ಹೂಡಿದ್ದು 1977ರಲ್ಲಿ. ಯಾರ ನಕಲೂ ಅಲ್ಲದ, ಅದಕ್ಕೂ ಎಷ್ಟೋ ವರ್ಷ ಹಿಂದಿನ ಈ ಗಿಟಾರ್‌ಗೂ ಆ ದಾವೆಗೂ ಎತ್ತಣಿಂದೆತ್ತ ಸಂಬಂಧ?

ಕೊನೆಗೆ ಆ ಅಮೆರಿಕನ್ ಪಾಟ್ ತೆಗೆದು ಜಪಾನಿನದ್ದೇ ಹಾಕೋಣವೇ ಎಂದು ಕೇಳಿದರು. ಬೇಡ ಎಂದೆ. ಅದು ಗೊರಗೊರ ಸದ್ದಿಲ್ಲದೆ ತಿರುಗುತ್ತಿದೆ, ಮೇಲಾಗಿ ಉಜ್ಜಿ ಅಗಲ ಮಾಡಿದ ರಂಧ್ರದಲ್ಲಿ ಸಣ್ಣ ಪಾಟ್ ಅಲ್ಲಾಡುತ್ತದೆ. ಜ್ಯಾಕ್ ಶುಚಿ ಮಾಡಿ, ಸಡಿಲವಾಗಿದ್ದ ಗ್ರೌಂಡ್ ವೈರ್ ಒಂದನ್ನು ಬೆಸೆದು, ಫೋಟೋಗಳ ಜೊತೆ ಗಿಟಾರ್ ವಾಪಸ್ ಕೊಟ್ಟೆ.