ರಾತ್ರಿ ಫೋಟೋದ ಅರ್ಧ ಕೆಲಸ ಸ್ವಿಚ್ ಬೋರ್ಡಿನಲ್ಲಿ

ಮಂಗಳೂರಿನ ಬಿಲ್ಡರ್‌ಗಳಿಗೆ, ಆರ್ಕಿಟೆಕ್ಟ್‌ಗಳಿಗೆ ಕಟ್ಟಡದ ಫೋಟೋ ತೆಗೆದುಕೊಡುವುದು ನನ್ನ ಕೆಲಸ. ಈ ಲೈನಿಗೆ ಬರುವ ಹುಡುಗರು ಮೊದಲು ಕೇಳುವುದು ಯಾವ ಕ್ಯಾಮೆರಾ, ಯಾವ ಲೆನ್ಸ್ ಅಂತ. ನಾನು ತಿರುಗಿ ಕೇಳುವುದು ಒಂದೇ: ಆ ಬಿಲ್ಡಿಂಗಿನ ಎಲೆಕ್ಟ್ರಿಷಿಯನ್ ನಂಬರ್ ಇದೆಯಾ?

ಕಟ್ಟಡದ ಲೈಟೆಲ್ಲ ಹಾಕಿ ಸಂಜೆ ತೆಗೆಯುವ ಫೋಟೋಗೆ ಬಿಲ್ಡರ್ ಬಾಯಲ್ಲಿ 'ನೈಟ್ ಫೋಟೋ' ಅಂತ ಹೆಸರು. ಆದರೆ ಎಂಟು ಗಂಟೆಗೆ ಹೋಗಿ ತೆಗೆದರೆ ಆಕಾಶ ಬರೀ ಕಪ್ಪು, ಕಟ್ಟಡದ ತುದಿ ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ. ಬೇಕಾದದ್ದು ಸೂರ್ಯ ಮುಳುಗಿ ಕಾಲು ಗಂಟೆ ಆದ ಮೇಲಿನ ಹೊತ್ತು. ಆಗ ಆಕಾಶ ದಟ್ಟ ನೀಲಿ, ಕಿಟಕಿಯ ಬೆಳಕೂ ಹೊರಗಿನ ಬೆಳಕೂ ಹೆಚ್ಚುಕಡಿಮೆ ಸಮ. ಯೂಟ್ಯೂಬಿನಲ್ಲಿ ಯುರೋಪಿನವರು ಈ ಹೊತ್ತಿನಲ್ಲಿ ಆರಾಮಾಗಿ ಜಾಗ ಬದಲಿಸಿಕೊಂಡು ತೆಗೆಯುವುದನ್ನು ನೋಡಿ ಮೋಸ ಹೋಗಬೇಡಿ. ನಾವಿರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, ಕತ್ತಲು ಬೇಗ ಬೀಳುತ್ತದೆ. ಒಳ್ಳೆಯ ನೀಲಿ ಸಿಗುವುದು ಹತ್ತು ಹದಿನೈದು ನಿಮಿಷ, ಅಷ್ಟೇ.

ಕಟ್ಟಡದ ಮುಖ ಯಾವ ಕಡೆ ಅನ್ನುವುದೂ ಮುಖ್ಯ. ಕಡಲಿನ ಕಡೆಗೆ ಮುಖ ಮಾಡಿದ್ದರೆ ನಾವು ನಿಂತು ನೋಡುವುದು ಪೂರ್ವಕ್ಕೆ. ಪೂರ್ವದ ಆಕಾಶ ಮೊದಲು ಕಪ್ಪಾಗುತ್ತದೆ. ಅಲ್ಲಿ ಬೇಗ ಶುರು ಮಾಡಬೇಕು. ಮುಖ ಪೂರ್ವಕ್ಕಿದ್ದರೆ ಹಿಂದೆ ಪಡುವಣದ ಬೆಳಕು ಇನ್ನೂ ಉಳಿದಿರುತ್ತದೆ, ಸ್ವಲ್ಪ ಕಾಯಬಹುದು.

ಈಗ ಸ್ವಿಚ್ ಬೋರ್ಡಿಗೆ ಬರೋಣ. ಲಾಬಿ, ಗೇಟು, ಎಲಿವೇಶನ್ (ಕಟ್ಟಡದ ಹೊರಮುಖ) ಲೈಟುಗಳಿಗೆಲ್ಲ ಟೈಮರ್ ಇರುತ್ತದೆ. ಎಲೆಕ್ಟ್ರಿಷಿಯನ್ ಒಮ್ಮೆ ಏಳಕ್ಕೆ ಸೆಟ್ ಮಾಡಿ ಹೋದರೆ ವರ್ಷವಿಡೀ ಏಳೇ. ಆದರೆ ಇಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು 7ರ ಹತ್ತಿರ, ನವೆಂಬರ್ ಕೊನೆಗೆ 6 ದಾಟುತ್ತಿದ್ದಂತೆ. ನವೆಂಬರಿನಲ್ಲಿ ಏಳಕ್ಕೆ ಲೈಟ್ ಹೊತ್ತುವಷ್ಟರಲ್ಲಿ ನೀಲಿ ಮುಗಿದೇ ಹೋಗಿರುತ್ತದೆ. ಟೈಮರನ್ನು ಮ್ಯಾನುವಲ್‌ಗೆ ಹಾಕುವುದು ಒಂದು ನಿಮಿಷದ ಕೆಲಸ. ಆದರೆ ಪ್ಯಾನಲ್ ರೂಮಿನ ಕೀ ಯಾರ ಹತ್ತಿರ ಇದೆ ಅಂತ ಆ ಸಂಜೆ ಹುಡುಕಲು ಹೊರಟರೆ ಕಥೆ ಮುಗಿಯಿತು.

ಅದಕ್ಕಿಂತ ದೊಡ್ಡ ತಲೆನೋವು ಕಿಟಕಿಗಳು. ಕದ್ರಿ, ಬೆಂದೂರ್‌ವೆಲ್, ಫಳ್ನೀರ್ ಕಡೆಯ ಎತ್ತರದ ಅಪಾರ್ಟ್‌ಮೆಂಟುಗಳನ್ನು ರಾತ್ರಿ ಒಮ್ಮೆ ತಲೆಯೆತ್ತಿ ನೋಡಿ. ಎಷ್ಟೋ ಮನೆಗಳಲ್ಲಿ ಕತ್ತಲು. ಮಾಲೀಕರು ಗಲ್ಫಿನಲ್ಲೋ ಮುಂಬೈಯಲ್ಲೋ ಇರುತ್ತಾರೆ. ಹೊಸ ಕಟ್ಟಡವಾದರೆ ಮೀಟರ್ ಕೂಡ ಕೂತಿರುವುದಿಲ್ಲ. ಕೀ ಕೊಡಿ, ಖಾಲಿ ಮನೆಗಳಿಗೆ ಲೈಟ್ ಹಾಕಬೇಕು ಅಂದರೆ ಸೂಪರ್‌ವೈಸರ್ ನಗುತ್ತಾರೆ. "ಎಂತ ಮಾರಾಯ್ರೆ, ಕಂಪ್ಯೂಟರಲ್ಲಿ ಹಾಕ್ಲಿಕ್ಕೆ ಆಗುವುದಿಲ್ವಾ?" ಆಗುತ್ತದೆ. ಆದರೆ ಹಾಗೆ ಹಾಕಿದ ಬೆಳಕು ಬಾಲ್ಕನಿಯ ರೇಲಿಂಗಿನ ಮೇಲೆ ಬೀಳುವುದಿಲ್ಲ, ಪಕ್ಕದ ಗೋಡೆಗೂ ತಾಗುವುದಿಲ್ಲ. ನೋಡಿದವರಿಗೆ ಕಾರಣ ಗೊತ್ತಾಗದಿದ್ದರೂ ಎಲ್ಲೋ ಸುಳ್ಳು ಅನಿಸುತ್ತದೆ.

ನಾನು ಒಂದೇ ಬಣ್ಣದ, 3000 ಕೆಲ್ವಿನ್‌ನ (ಅಂದರೆ ಹಳದಿ ಛಾಯೆಯ) ಬಲ್ಬುಗಳನ್ನು ಒಂದು ಪೆಟ್ಟಿಗೆ ತುಂಬಾ ಇಟ್ಟುಕೊಂಡಿದ್ದೇನೆ. ಕರೆಂಟ್ ಇಲ್ಲದ ಮನೆಗೆ ಚಾರ್ಜಿಂಗ್ ಲೈಟ್. ಒಂದು ಮನೆಯಲ್ಲಿ ಹಳದಿ, ಪಕ್ಕದ ಮನೆಯಲ್ಲಿ ಟ್ಯೂಬ್‌ಲೈಟಿನ ಬಿಳಿ ಬಂದರೆ ಆಮೇಲೆ ಎಡಿಟಿಂಗಿನಲ್ಲಿ ಕೂತು ಸಾಯಬೇಕು. ಲೈಟ್ ಇಡುವ ಜಾಗದಲ್ಲಿ ಒಂದು ಗುಟ್ಟು ಇದೆ. ರಸ್ತೆಯಿಂದ ನೋಡುವವರಿಗೆ ಹತ್ತನೇ ಮಹಡಿಯ ಸೋಫಾ ಕಾಣುವುದಿಲ್ಲ, ಕಾಣುವುದು ಸೀಲಿಂಗ್ ಮಾತ್ರ. ಹಾಗಾಗಿ ಲೈಟನ್ನು ಕಿಟಕಿಯಿಂದ ದೂರ, ನೆಲದಲ್ಲಿಟ್ಟು ಮೇಲಕ್ಕೆ ತಿರುಗಿಸುತ್ತೇನೆ. ಸೀಲಿಂಗ್ ಬೆಳಗಿದರೆ ಇಡೀ ಕೋಣೆ ಬೆಳಗಿದಂತೆ ಕಾಣುತ್ತದೆ, ಬಲ್ಬಿನ ಬಿಳಿ ಚುಕ್ಕಿ ಕ್ಯಾಮೆರಾಗೆ ಸಿಗುವುದಿಲ್ಲ. ಎಲ್ಲಾ ಕಿಟಕಿಗೂ ಹಾಕಲು ಹೋಗಬೇಡಿ. ಕೆಲವು ಕತ್ತಲಲ್ಲೇ ಇರಲಿ. ಎಲ್ಲವೂ ಉರಿದರೆ ಅಪಾರ್ಟ್‌ಮೆಂಟ್ ಹೋಗಿ ಲಾಡ್ಜ್ ಆಗುತ್ತದೆ.

ಕ್ಯಾಮೆರಾದ್ದು ಬೇಗ ಹೇಳಿ ಮುಗಿಸುತ್ತೇನೆ. ಗಟ್ಟಿ ಟ್ರೈಪಾಡ್, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್ 8, ಎರಡು ಸೆಕೆಂಡಿನ ಟೈಮರ್. ಟ್ರೈಪಾಡ್ ಮೇಲೆ ಸ್ಟೆಬಿಲೈಸೇಶನ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಆಫ್. ಶಟರ್ ತೆರೆದಿರುವ ಹೊತ್ತು ಕೆಲವು ಸೆಕೆಂಡಿನಿಂದ ಶುರುವಾಗಿ ಕತ್ತಲಾದಂತೆ ಉದ್ದ ಆಗುತ್ತದೆ. ವಾಹನಗಳ ಬೆಳಕಿನ ಗೆರೆ ಬೇಕಿದ್ದರೆ ಹತ್ತು ಸೆಕೆಂಡಿನ ಮೇಲೆ. ನಮ್ಮ ಸಿಟಿ ಬಸ್ಸು ಆ ಹತ್ತು ಸೆಕೆಂಡಿನಲ್ಲಿ ಸರಿಯಾಗಿ ಗೇಟಿನ ಮುಂದೆಯೇ ನಿಲ್ಲುತ್ತದೆ, ಅದಕ್ಕೆ ಮದ್ದಿಲ್ಲ. ಇನ್ನೊಂದು, ಏಸಿ ಕಾರಿನಿಂದ ಇಳಿದ ಕೂಡಲೇ ಈ ಸೆಕೆಗೆ ಲೆನ್ಸ್ ಮಂಜಾಗುತ್ತದೆ. ಅರ್ಧ ಗಂಟೆ ಮೊದಲೇ ಬ್ಯಾಗನ್ನು ಹೊರಗಿಡಿ. ಒರೆಸಿದರೆ ಮತ್ತೆ ಮಂಜು ಕೂರುತ್ತದೆ.

ಕೆಳಗಿನಿಂದ ಕ್ಯಾಮೆರಾ ಎತ್ತಿ ತೆಗೆದರೆ ಕಟ್ಟಡ ಹಿಂದಕ್ಕೆ ವಾಲಿದಂತೆ ಬರುತ್ತದೆ. ಎದುರಿನ ಕಟ್ಟಡದ ಏಳೆಂಟನೇ ಮಹಡಿಗೆ ಹತ್ತಿ ಕ್ಯಾಮೆರಾ ಸಮ ಇಟ್ಟರೆ ಗೆರೆಗಳು ನೆಟ್ಟಗೆ. ನಮ್ಮದು ಗುಡ್ಡದ ಊರಾದ್ದರಿಂದ ಕೆಲವು ಕಡೆ ಮೇಲಿನ ರಸ್ತೆಯಲ್ಲಿ ನಿಂತರೂ ಸಾಕು. ಕ್ಲೈಂಟ್ ಮಾತ್ರ ಡ್ರೋನ್ ಡ್ರೋನ್ ಅನ್ನುತ್ತಾರೆ. 2021ರ ಡ್ರೋನ್ ನಿಯಮದ ಪ್ರಕಾರ ಏರ್‌ಪೋರ್ಟ್ ಗಡಿಯಿಂದ 8ರಿಂದ 12 ಕಿ.ಮೀ. ಪಟ್ಟಿಯಲ್ಲಿ 200 ಅಡಿಗಿಂತ ಮೇಲೆ ಹೋಗಲು ಅನುಮತಿ ಬೇಕು. ಇಪ್ಪತ್ತು ಮಹಡಿಯ ಕಟ್ಟಡವೇ ಅಷ್ಟು ಎತ್ತರ ಇರುತ್ತದೆ. ಬಜ್ಪೆ ಏರ್‌ಪೋರ್ಟಿಗೆ ಇನ್ನೂ ಹತ್ತಿರವಾದರೆ ನಿಯಮ ಮತ್ತೂ ಬಿಗಿ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ ನೋಡದೆ ನಾನು ಹೂಂ ಅನ್ನುವುದಿಲ್ಲ.

ರಸ್ತೆಯಲ್ಲಿ ನಿಂತು ತೆಗೆಯುವಾಗ ಬೇರೆ ಕಟ್ಟಡದ ಸೆಕ್ಯುರಿಟಿಯವರು ಬಂದು ತಡೆಯುವುದುಂಟು. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಟ್ಟಡದ ಫೋಟೋ ತೆಗೆದರೆ ಕಾಪಿರೈಟ್ ಉಲ್ಲಂಘನೆ ಆಗುವುದಿಲ್ಲ. ಹಾಗಂತ ಅವರ ಕಾಂಪೌಂಡಿನ ಒಳಗೆ ಹೋಗಲು ಅದು ಪರ್ಮಿಶನ್ ಅಲ್ಲ. ಅಷ್ಟಕ್ಕೂ ಆ ಹತ್ತು ನಿಮಿಷದಲ್ಲಿ ಕಾನೂನು ಮಾತಾಡುತ್ತಾ ನಿಂತರೆ ನೀಲಿ ಕಾಯುತ್ತದಾ? ಮಧ್ಯಾಹ್ನವೇ ಹೋಗಿ ಅವರ ಜೊತೆ ಒಂದು ಚಾ ಕುಡಿದು ವಿಷಯ ಹೇಳಿ ಬರುತ್ತೇನೆ.

ಈಗ ಕೊಟೇಶನ್ನಿನಲ್ಲೇ ಬರೆಯುತ್ತೇನೆ: ಎಲೆಕ್ಟ್ರಿಷಿಯನ್ ಸಂಜೆ ಐದರಿಂದ ಸ್ಥಳದಲ್ಲಿರಬೇಕು, ಖಾಲಿ ಮನೆಗಳ ಕೀ ಮತ್ತು ಮಾಲೀಕರ ಒಪ್ಪಿಗೆ, ಎದುರಿನ ಟೆರೇಸಿನ ಪರ್ಮಿಶನ್ ಕ್ಲೈಂಟಿನ ಜವಾಬ್ದಾರಿ. ಹಿಂದಿನ ದಿನ ಬಂದು ಲೈಟ್ ಇಡುವುದಕ್ಕೆ ಬೇರೆ ಚಾರ್ಜು. ಆ ಕೊನೆಯ ಸಾಲಿನ ಬಗ್ಗೆ ಮಾತ್ರ ಪ್ರತಿಸಲ ಚೌಕಾಸಿ ಇದ್ದದ್ದೇ.