ನೆಲಕ್ಕೆ ಹಾಸಿದ ಮ್ಯಾಪು

ಮೂರನೇ ಕ್ಲಾಸಿಗೆ ಹೊಸದಾಗಿ ಬಂದ ಮೇಷ್ಟ್ರು ಮೊದಲು ಮಾಡಿದ ಕೆಲಸ ಅಂದರೆ ಗೋಡೆಗೆ ತೂಗುಹಾಕಿದ್ದ ಭಾರತದ ಮ್ಯಾಪನ್ನು ಬಿಚ್ಚಿ ನೆಲಕ್ಕೆ ಹಾಸಿದ್ದು. "ಗೋಡೆ ಮೇಲಿದ್ರೆ ಉತ್ತರ ಅಂದ್ರೆ ಸೂರು ಅನ್ಕೋತೀರಿ" ಅಂದರು. ಆಮೇಲೆ ಎಷ್ಟೋ ದಿನ ಮ್ಯಾಪಿನ ಸುದ್ದಿಯೇ ಇಲ್ಲ. ಪಾಠವೆಲ್ಲ ಮೈದಾನದಲ್ಲಿ.

ಒಂದು ಕೋಲು ನೆಟ್ಟು ನೆರಳಿನ ತುದಿಗೆ ಹರಳು ಇಡಿಸುತ್ತಿದ್ದರು. ಕಾಲು ಗಂಟೆ ಕುಂಟೆಬಿಲ್ಲೆ ಆಡಿ ಬರುವಷ್ಟರಲ್ಲಿ ನೆರಳು ಸರಿದಿರುತ್ತಿತ್ತು. ಅಲ್ಲಿಗೆ ಇನ್ನೊಂದು ಹರಳು. ಮೊದಲನೆಯದು ಪಶ್ಚಿಮ, ಎರಡನೆಯದು ಪೂರ್ವ. ಪೂರ್ವಕ್ಕೆ ಮುಖ ಮಾಡಿ ನಿಂತರೆ ಎಡಗೈ ಕಡೆ ಉತ್ತರ. ನಮ್ಮ ಚಿತ್ರದುರ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಜನವರಿಯ ನಡುಮಧ್ಯಾಹ್ನ ಉತ್ತರಕ್ಕೆ ಬೀಳುವ ನೆರಳು, ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುವ ಜೂನ್‌ನಲ್ಲಿ ದಕ್ಷಿಣಕ್ಕೆ ಬೀಳುತ್ತದೆ, ಮೋಡ ಬಿಡುವು ಕೊಟ್ಟರೆ! ಇದು ಎಷ್ಟೋ ದೊಡ್ಡವರಿಗೂ ಗೊತ್ತಿಲ್ಲ, ಬೇಕಾದರೆ ಕೇಳಿ ನೋಡಿ.

ಆಮೇಲೆ ಹೆಜ್ಜೆ ಲೆಕ್ಕ. ಗೇಟಿನಿಂದ ನಲ್ಲಿ, ನಲ್ಲಿಯಿಂದ ಬೇವಿನ ಮರ. ಒಬ್ಬೊಬ್ಬರದು ಒಂದೊಂದು ಲೆಕ್ಕ, ಜಗಳವೋ ಜಗಳ. ಮೇಷ್ಟ್ರು 33 ಅಡಿಯ ಹಗ್ಗ ತಂದು ಹಾಸಿದರು. ಈ ಹಗ್ಗಕ್ಕೆ ನಿನ್ನ ಹೆಜ್ಜೆ ಎಷ್ಟು ಅಂತ ಪ್ರತಿಯೊಬ್ಬರೂ ಬರೆದಿಟ್ಟುಕೊಂಡ ಮೇಲೆ ಜಗಳ ನಿಂತಿತು. 33 ಯಾಕೆ ಅಂತ ಆಗ ಯಾರೂ ಕೇಳಲಿಲ್ಲ. ನಾನೀಗ ಸರ್ವೆ ಕೆಲಸದಲ್ಲಿದ್ದೇನೆ. ನಮ್ಮ ಕಡೆ ಜಮೀನು ಅಳೆಯುವ ಸರಪಳಿ 33 ಅಡಿಯದು, ಅದಕ್ಕೆ 16 ಆಣೆ, ಅಂದರೆ 16 ಸಮಭಾಗ. ಉದ್ದಕ್ಕೊಂದು ಸರಪಳಿ, ಅಗಲಕ್ಕೊಂದು ಸರಪಳಿ ಇದ್ದರೆ ಒಂದು ಗುಂಟೆ.

ಅಳೆದದ್ದನ್ನೆಲ್ಲ ರಂಗೋಲಿ ಪುಡಿಯಲ್ಲಿ ಮೈದಾನದಲ್ಲೇ ಬಿಡಿಸಿದೆವು. ಹತ್ತು ಹೆಜ್ಜೆಗೆ ಒಂದು ಗೇಣು. ನಲ್ಲಿಗೆ ಬಳೆಚೂರು, ಮರಕ್ಕೆ ಬೇವಿನ ಎಲೆ. ಮೇಷ್ಟ್ರು ಎಲ್ಲೋ ಹುಣಸೆಬೀಜದ ಪೊಟ್ಟಣ ಬಚ್ಚಿಟ್ಟು, ಮ್ಯಾಪಿನಲ್ಲಿ ಬರೀ ಒಂದು ಗುರುತು ಹಾಕುತ್ತಿದ್ದರು. ಹುಡುಕಿದವರಿಗೆ ಬೀಜ. ಸುಮ್ನೆ ಓಡಿದವರಿಗಿಂತ ಮ್ಯಾಪು ನೋಡಿ ನಿಂತು ಯೋಚಿಸಿದವರಿಗೇ ಜಾಸ್ತಿ ಸಿಗುತ್ತಿತ್ತು.

ಕೋಟೆಗೆ ಕರೆದುಕೊಂಡು ಹೋದಾಗ ಮಾತ್ರ ಎಲ್ಲರ ಲೆಕ್ಕವೂ ತಪ್ಪಿತು. ಬಾಗಿಲು ದಾಟಿದರೆ ದಾರಿ ತಿರುಗುತ್ತದೆ, ಮುಂದಿನ ಬಾಗಿಲು ನೇರಕ್ಕೆ ಕಾಣುವುದೇ ಇಲ್ಲ. ಶತ್ರುವಿನ ಆನೆಗೆ ಓಡಿ ಬಂದು ಗುದ್ದಲು ಜಾಗ ಸಿಗಬಾರದಲ್ವಾ, ಅದಕ್ಕೆ. ಅಕ್ಕ-ತಂಗಿ ಹೊಂಡದ ಹತ್ತಿರ ನಿಲ್ಲಿಸಿ "ಶಾಲೆ ಯಾವ ಕಡೆ? ಕೈ ತೋರಿಸಿ" ಅಂದರು. ಕೈಗಳು ದಿಕ್ಕಿಗೊಂದು! ಬಂಡೆ ಹತ್ತಿ, ದಕ್ಷಿಣಕ್ಕೆ ಜೋಗಿಮಟ್ಟಿ ಬೆಟ್ಟದ ಗುರುತು ಹಿಡಿದ ಮೇಲೆಯೇ ಎಲ್ಲ ಕೈಗಳೂ ಒಂದು ಕಡೆ ಬಂದಿದ್ದು.

ಮಾರನೆಯ ದಿನ ಮನೆಯಿಂದ ಶಾಲೆಗೆ ಬರುವ ದಾರಿ ಬರೆದು ತರಬೇಕಿತ್ತು. ನನ್ನ ಪಕ್ಕ ಕೂರುವ ಹುಡುಗಿಯ ಮ್ಯಾಪಿನಲ್ಲಿ ಅವಳ ಮಾವನ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಶಾಲೆಗಿಂತ ದೊಡ್ಡದಾಗಿತ್ತು. ಮೇಷ್ಟ್ರು ಬೈಯಲಿಲ್ಲ. "ಮನೆಯಿಂದ ಅಂಗಡಿಗೆ ಎಷ್ಟು ಹೆಜ್ಜೆ?" ಅಂದರು.

"ಅಲ್ಲಿಗೆ ನಡ್ಕೊಂಡ್ ಹೋಗಲ್ಲ ಸಾ, ಓಡ್ತೀನಿ."

"ಹಂಗಾದ್ರೆ ವಾಪಸ್ ಬರುವಾಗ ಎಣಿಸ್ಕೊಂಡ್ ಬಾ" ಅಂದರು ಮೇಷ್ಟ್ರು.